ಹೆಸರು ಹೇಳುವುದೆಷ್ಟು, ಗಿಡ ಮಾಡುವುದೆಷ್ಟು: ಗಡಿನಾಡಿನಲ್ಲಿ ಸಕ್ಕರೆ ಕಾಯಿಲೆಯ ಮದ್ದಿನ ಗಿಡಗಳು

ಗಡಿನಾಡಿನ ಕನ್ನಡದ ಬಗ್ಗೆ ಮಾತಾಡುವಾಗ ನಾವು ಸಾಮಾನ್ಯವಾಗಿ ಶಾಸನ, ಶಾಲೆ, ಯಕ್ಷಗಾನ, ಜನಪದ ಹಾಡು ಇವುಗಳನ್ನು ಎತ್ತಿಕೊಳ್ಳುತ್ತೇವೆ. ನಾನು ಇವತ್ತು ಎತ್ತಿಕೊಂಡದ್ದು ಮದ್ದಿನ ಗಿಡಗಳನ್ನು. ಅದರಲ್ಲೂ ಸಕ್ಕರೆ ಕಾಯಿಲೆಗೆ ಅಂತ ನಮ್ಮ ಮನೆಗಳಲ್ಲಿ ಬಳಸುವ ಗಿಡಗಳನ್ನು.

ಕನ್ನಡ ಎಂ.ಎ. ಓದುವವರಿಗೆ ಈ ವಿಷಯ ಯಾಕೆ ಅಂತ ಕೇಳಬಹುದು. ಕನ್ನಡದಲ್ಲಿ ವೈದ್ಯ ಬರೆಯುವುದು ಹೊಸತಲ್ಲ. 12ನೇ ಶತಮಾನದಲ್ಲಿ ಜಗದ್ದಳ ಸೋಮನಾಥ ‘ಕರ್ಣಾಟಕ ಕಲ್ಯಾಣಕಾರಕ’ ಬರೆದ. 14ನೇ ಶತಮಾನದಲ್ಲಿ ಮಂಗರಾಜ ವಿಷವೈದ್ಯದ ‘ಖಗೇಂದ್ರಮಣಿದರ್ಪಣ’ ಬರೆದ. ಆದರೆ ನನ್ನ ಕಾರಣ ಅದಕ್ಕಿಂತ ಸರಳ. ಗಿಡ ಮನೆಯೊಳಗೆ ಬರುವುದು ಹೆಸರಿನ ಮೂಲಕ. ಹೆಸರು ಭಾಷೆಯ ವಿಷಯ. ಮನೆಯಲ್ಲಿ ಒಂದು ಭಾಷೆ, ಪೇಟೆಯಲ್ಲಿ ಇನ್ನೊಂದು, ಆಸ್ಪತ್ರೆಯ ಚೀಟಿಯಲ್ಲಿ ಮತ್ತೊಂದು ಇರುವ ನಮ್ಮಂಥ ಊರುಗಳಲ್ಲಿ ಹೆಸರು ತಪ್ಪಿದರೆ ಮದ್ದೂ ತಪ್ಪುತ್ತದೆ.

ನಾನು ವೈದ್ಯನಲ್ಲ. ಯಾವ ಸೊಪ್ಪು ಎಷ್ಟು ತಿನ್ನಬೇಕು ಅಂತ ಇಲ್ಲಿ ಹೇಳುವುದಿಲ್ಲ. ನನ್ನ ವಾದ ಇಷ್ಟೇ: ಈ ಗಿಡಗಳ ಹೆಸರುಗಳಲ್ಲಿ ಹಿರಿಯರು ಕಂಡ ಒಂದು ಅನುಭವ ಇದೆ. ಅದನ್ನು ನಾವೀಗ ಚಿಕಿತ್ಸೆಯ ಭರವಸೆ ಅಂತ ಓದುತ್ತಿದ್ದೇವೆ. ಅನುಭವಕ್ಕೂ ಭರವಸೆಗೂ ನಡುವೆ ಇರುವ ದೂರವನ್ನು ಅಳೆಯದೆ ಇದ್ದರೆ ತೊಂದರೆ ಆಗುವುದು ಜೀವಕ್ಕೆ.

ರೋಗಕ್ಕೆ ಎಷ್ಟು ಹೆಸರು

ಮೊದಲು ರೋಗದ ಹೆಸರನ್ನೇ ನೋಡೋಣ. ‘ಮಧುಮೇಹ’ ಅಂದರೆ ಜೇನಿನಂಥ ಮೂತ್ರ. ಆಯುರ್ವೇದದಲ್ಲಿ ಪ್ರಮೇಹ 20 ಬಗೆ. ಮಧುಮೇಹ ಅದರಲ್ಲಿ ಒಂದು. ಮೂತ್ರಕ್ಕೆ ಇರುವೆ ಮುತ್ತುವುದನ್ನು ಚರಕ ಸಂಹಿತೆ ಪ್ರಮೇಹದ ಮುನ್ಸೂಚನೆಗಳಲ್ಲಿ ಹೇಳುತ್ತದೆ. ಅಂದರೆ ಈ ಹೆಸರು ಹುಟ್ಟಿದ್ದು ಕಣ್ಣಾರೆ ಕಂಡದ್ದರಿಂದ.

ಕಾಸರಗೋಡಿನಲ್ಲಿ ಮಲಯಾಳದ ಬೋರ್ಡುಗಳಲ್ಲಿ ಇದೇ ರೋಗ ‘ಪ್ರಮೇಹಂ’. ಕನ್ನಡ ಮಾತ್ರ ಓದಿದ ಹಿರಿಯರಿಗೆ ‘ಮೇಹ’ ಅಂದರೆ ಮೂತ್ರಕ್ಕೆ ಸಂಬಂಧಿಸಿದ ಬೇರೆ ರೋಗಗಳ ನೆನಪೂ ಬರುತ್ತದೆ. ಅದು ಸಕ್ಕರೆ ಕಾಯಿಲೆಯ ಮಾತು ಅಂತ ಕೂಡಲೇ ಹೊಳೆಯುವುದಿಲ್ಲ. ತಾಳವಾಡಿ, ಹೊಸೂರಿನ ಕಡೆ ತಮಿಳಿನ ‘ಸರ್ಕರೈ ನೋಯ್’, ‘ನೀರಿಳಿವು’ ಎರಡೂ ಕಿವಿಗೆ ಬೀಳುತ್ತವೆ. ಅಕ್ಕಲಕೋಟೆಯ ಕಡೆಯ ಮಾತಿನಲ್ಲಿ ಇದು ‘ಸಕ್ರಿ ಬ್ಯಾನಿ’. ಮಡಕಶಿರದಿಂದ ಸೊಲ್ಲಾಪುರದವರೆಗೆ ಎಲ್ಲರಿಗೂ ತಿಳಿಯುವ ಹೆಸರು ‘ಶುಗರ್’.

ಒಂದು ಬದಲಾವಣೆಯನ್ನು ಗಮನಿಸಿ. ‘ಮಧುಮೇಹ’ದಲ್ಲಿ ಸಿಹಿ ಇರುವುದು ಮೂತ್ರದಲ್ಲಿ. ‘ಸಕ್ಕರೆ ಕಾಯಿಲೆ’ ಅಂದ ಕೂಡಲೇ ಸಿಹಿ ಡಬ್ಬಿಗೆ ಬಂತು, ತಿಂಡಿಗೆ ಬಂತು, ನಾಲಿಗೆಗೆ ಬಂತು. ಸಿಹಿ ತಿಂದರೆ ಬರುವ ರೋಗ, ಕಹಿ ತಿಂದರೆ ಹೋಗುವ ರೋಗ ಎಂಬ ತರ್ಕಕ್ಕೆ ಹೆಸರೇ ದಾರಿ ಮಾಡಿಕೊಟ್ಟಿತು. ರಕ್ತದಲ್ಲಿ ಏರುವುದು ಗ್ಲೂಕೋಸ್. ಅದು ಕುಚ್ಚಲಕ್ಕಿ ಗಂಜಿಯಿಂದಲೂ ಬರುತ್ತದೆ, ಜೋಳದ ರೊಟ್ಟಿಯಿಂದಲೂ ಬರುತ್ತದೆ, ರಾಗಿ ಮುದ್ದೆಯಿಂದಲೂ ಬರುತ್ತದೆ. ಇವು ಯಾವುವೂ ನಾಲಿಗೆಗೆ ಸಿಹಿ ಅಲ್ಲ. ನಾಲಿಗೆಯ ಸಾಕ್ಷಿಯನ್ನು ರಕ್ತ ಒಪ್ಪುವುದಿಲ್ಲ.

ಮಧುನಾಶಿನಿ: ಹೆಸರಿನ ಮೂರು ಮೆಟ್ಟಿಲು

ಈ ಮಾತಿಗೆ ಅತ್ಯುತ್ತಮ ಉದಾಹರಣೆ ಮಧುನಾಶಿನಿ. ಜಿಮ್ನೀಮಾ ಸಿಲ್ವೆಸ್ಟ್ರೆ ಅಂತ ಇದರ ಸಸ್ಯಶಾಸ್ತ್ರೀಯ ಹೆಸರು. ಬೇಲಿಯ ಮೇಲೆ, ಕಾಡಿನ ಅಂಚಿನಲ್ಲಿ ಹಬ್ಬುವ ಬಳ್ಳಿ. ಸಸ್ಯಪಟ್ಟಿಗಳಲ್ಲಿ ಇದಕ್ಕೆ ‘ಸಣ್ಣಗೆರಸೆ ಹಂಬು’ ಎಂಬ ಕನ್ನಡ ಹೆಸರು ಸಿಗುತ್ತದೆ. ಆಯುರ್ವೇದದವರು ಇದನ್ನು ‘ಮೇಷಶೃಂಗಿ’ ಅನ್ನುತ್ತಾರೆ, ಟಗರಿನ ಕೊಂಬು ಅಂತ ಅರ್ಥ. ತಮಿಳಿನಲ್ಲಿ ‘ಸಿರುಕುರಿಂಜಾನ್’, ತೆಲುಗಿನಲ್ಲಿ ‘ಪೊಡಪತ್ರಿ’. ಟಗರಿನ ಕೊಂಬು, ಸಣ್ಣ ಹಂಬು ಇವು ಗಿಡದ ಆಕಾರ ನೋಡಿ ಇಟ್ಟ ಹೆಸರುಗಳು. ಇದು ಮೊದಲ ಮೆಟ್ಟಿಲು.

ಎರಡನೆಯ ಮೆಟ್ಟಿಲು ನಾಲಿಗೆಯದು. ಇದರ ಎಲೆ ಅಗಿದು ಸಕ್ಕರೆ ಬಾಯಿಗೆ ಹಾಕಿದರೆ ಸಿಹಿ ಗೊತ್ತಾಗುವುದಿಲ್ಲ. ಅರ್ಧ ಗಂಟೆ, ಕೆಲವೊಮ್ಮೆ ಅದಕ್ಕೂ ಹೆಚ್ಚು ಹೊತ್ತು ಹಾಗೇ ಇರುತ್ತದೆ. ಹಿಂದಿ, ಮರಾಠಿಯವರ ‘ಗುಡಮಾರ’, ಮಲಯಾಳದ ‘ಚಕ್ಕರಕ್ಕೊಲ್ಲಿ’, ನಮ್ಮ ‘ಮಧುನಾಶಿನಿ’ ಇವೆಲ್ಲ ಈ ಅನುಭವಕ್ಕೆ ಇಟ್ಟ ಹೆಸರುಗಳು. ಇಲ್ಲಿ ಒಂದು ಸೂಕ್ಷ್ಮ ಇದೆ. ಮಲಯಾಳದಲ್ಲಿ ‘ಚಕ್ಕರ’ ಅಂದರೆ ಬೆಲ್ಲ. ಸಕ್ಕರೆಗೆ ಅವರು ‘ಪಂಚಸಾರ’ ಅನ್ನುತ್ತಾರೆ. ಗುಡಮಾರದ ‘ಗುಡ’ವೂ ಬೆಲ್ಲವೇ. ಅಂದರೆ ಬಾಯಲ್ಲಿ ಬೆಲ್ಲದ ರುಚಿಯನ್ನು ಕೊಲ್ಲುವ ಎಲೆ ಅಂತ ಅರ್ಥ. ಆದರೆ ಕನ್ನಡದ ಕಿವಿಗೆ ‘ಚಕ್ಕರ’ ಬಿದ್ದಾಗ ಅದು ‘ಸಕ್ಕರೆ’ ಆಗುತ್ತದೆ. ‘ಸಕ್ಕರೆ’ ಅಂದಾಗ ಕಾಯಿಲೆ ನೆನಪಾಗುತ್ತದೆ. ಹೀಗೆ ಬೆಲ್ಲದ ರುಚಿ ಕೊಲ್ಲುವ ಎಲೆ ಸಕ್ಕರೆ ಕಾಯಿಲೆ ಕೊಲ್ಲುವ ಎಲೆ ಆಗಿಬಿಡುತ್ತದೆ. ಅದು ಮೂರನೆಯ ಮೆಟ್ಟಿಲು.

ನಾಲಿಗೆಯ ಈ ಸಂಗತಿಯನ್ನು ರಸಾಯನಶಾಸ್ತ್ರದ ದೃಷ್ಟಿಯಿಂದ ನೋಡಿದವರಲ್ಲಿ ಒಬ್ಬರು ನಮ್ಮ ಗಡಿನಾಡಿನಲ್ಲೇ ಇದ್ದರು. ಸರ್ಕಾರದ ಸಿಂಕೋನಾ ಕೆಲಸಕ್ಕಾಗಿ ಊಟಿಯಲ್ಲಿದ್ದ ಡೇವಿಡ್ ಹೂಪರ್ 1887ರಲ್ಲಿ ಈ ಎಲೆಯ ಪರೀಕ್ಷೆಯನ್ನು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಅದರಲ್ಲಿರುವ ವಸ್ತುವಿಗೆ ‘ಜಿಮ್ನೆಮಿಕ್ ಆಮ್ಲ’ ಅಂತ ಹೆಸರು ಬಂತು. ಈಗ ಗೊತ್ತಿರುವಂತೆ ಅದು ನಾಲಿಗೆಯ ಸಿಹಿ ಗ್ರಾಹಕಗಳಿಗೆ ಅಂಟಿಕೊಂಡು ಸಿಹಿಯ ಸುದ್ದಿ ಮಿದುಳಿಗೆ ಹೋಗದ ಹಾಗೆ ಮಾಡುತ್ತದೆ. ಸಕ್ಕರೆ ಮಾತ್ರ ಹೊಟ್ಟೆಗೆ ಹೋಗಿಯೇ ಹೋಗುತ್ತದೆ.

ಹಾಗಾದರೆ ರಕ್ತದ ಮೇಲೆ ಏನೂ ಪರಿಣಾಮ ಇಲ್ಲವೇ? ಹಾಗೂ ಹೇಳುವಂತಿಲ್ಲ. 1990ರಲ್ಲಿ ಮದರಾಸಿನ ಸಂಶೋಧಕರು ಪ್ರಕಟಿಸಿದ ಅಧ್ಯಯನ ಒಂದಿದೆ. ಟೈಪ್ 2 ಮಧುಮೇಹದ 22 ಜನರಿಗೆ ಅವರ ಮಾತ್ರೆಗಳ ಜೊತೆಗೆ ಈ ಎಲೆಯ ಸಾರವನ್ನು ದಿನಕ್ಕೆ 400 ಮಿಲಿಗ್ರಾಂನಂತೆ 18ರಿಂದ 20 ತಿಂಗಳು ಕೊಟ್ಟರು. ಗ್ಲೂಕೋಸ್ ಇಳಿಯಿತು, ಐದು ಜನರಿಗೆ ಮಾತ್ರೆ ನಿಲ್ಲಿಸಲು ಸಾಧ್ಯವಾಯಿತು. ಇದು ಗಮನಿಸಬೇಕಾದ ಸಂಗತಿಯೇ. ಆದರೆ ಮೂರು ವಿಷಯ ಮರೆಯಬಾರದು. ಜನ 22 ಮಾತ್ರ. ಕೊಟ್ಟದ್ದು ಅಳತೆಯ ಸಾರವನ್ನು, ಬೇಲಿಯಿಂದ ಕಿತ್ತ ಹಿಡಿ ಸೊಪ್ಪನ್ನಲ್ಲ. ಮಾತ್ರೆ ಇಳಿಸಿದ್ದು ರಕ್ತ ಪರೀಕ್ಷೆ ಮಾಡುತ್ತಾ, ವೈದ್ಯರ ಎದುರಿಗೆ.

ಒಂದೇ ಗಿಡ, ಎರಡು ಹೆಸರು

ನಮ್ಮ ದೊಡ್ಡಮ್ಮನ ಮನೆ ಬದಿಯಡ್ಕದ ಕಡೆ. ಅವರಿಗೆ ಕನ್ನಡ ಓದಲು ಬರುತ್ತದೆ, ತುಳು ಸರಾಗ, ಪೇಟೆಯ ವ್ಯವಹಾರಕ್ಕೆ ಮಲಯಾಳ ಮಾತಾಡುತ್ತಾರೆ. ಮಲಯಾಳ ಅಕ್ಷರ ಮಾತ್ರ ಗೊತ್ತಿಲ್ಲ. ಶುಗರಿಗೆ ಮಂಗಳೂರಿನ ಡಾಕ್ಟರು ಕೊಟ್ಟ ಗ್ಲಿಮೆಪಿರೈಡ್ ಮಾತ್ರೆ ತಗೊಳ್ಳುತ್ತಿದ್ದರು. ಅದರ ಜೊತೆ ಕೇರಳದ ಕಡೆಯಿಂದ ಬಂದ ಚಕ್ಕರಕ್ಕೊಲ್ಲಿ ಚೂರ್ಣ, ಪುತ್ತೂರಿನಿಂದ ಯಾರೋ ತಂದುಕೊಟ್ಟ ಮಧುನಾಶಿನಿ ಗುಳಿಗೆ. ಎರಡೂ ಒಂದೇ ಬಳ್ಳಿ ಅಂತ ಅವರಿಗೆ ಗೊತ್ತಿರಲಿಲ್ಲ. ಒಂದು ಏಕಾದಶಿಯ ದಿನ ಬೆಳಗ್ಗೆ ಮಾತ್ರೆಯನ್ನೂ ಇವೆರಡನ್ನೂ ತಗೊಂಡು ಊಟ ಬಿಟ್ಟಿದ್ದರು. ಮಧ್ಯಾಹ್ನದ ಹೊತ್ತಿಗೆ ಬೆವರು, ಕೈ ನಡುಕ, ಮಾತು ತೊದಲು. ಮನೆಯಲ್ಲಿದ್ದ ಗ್ಲೂಕೋಮೀಟರಿನಲ್ಲಿ 58 ತೋರಿಸಿತು. ಸಕ್ಕರೆ ನೀರು ಕುಡಿಸಿದ ಮೇಲೆ ಸುಧಾರಿಸಿದರು.

ಸೊಪ್ಪಿನಿಂದಲೇ ಹಾಗಾಯಿತು ಅಂತ ನಾನು ಹೇಳುವುದಿಲ್ಲ. ಗ್ಲಿಮೆಪಿರೈಡ್ ಮೇದೋಜೀರಕದಿಂದ ಇನ್ಸುಲಿನ್ ಹೊರಡಿಸುವ ಮಾತ್ರೆ. ಅದನ್ನು ತಗೊಂಡು ಉಪವಾಸ ಮಾಡಿದರೆ ಅಷ್ಟೇ ಸಾಕು, ಸಕ್ಕರೆ ಕುಸಿಯಬಹುದು. ನಾನು ಹೇಳುವುದು ಬೇರೆ. ಈ ಎರಡು ಸಂಗತಿಗಳು ಡಾಕ್ಟರ ಲೆಕ್ಕದಲ್ಲಿ ಇರಲೇ ಇಲ್ಲ. ಯಾಕೆ ಹೇಳಲಿಲ್ಲ ಅಂತ ಕೇಳಿದ್ದಕ್ಕೆ ದೊಡ್ಡಮ್ಮ ಅಂದದ್ದು: “ಅವರು ಎಂತ ಮದ್ದು ತಗೊಳ್ತೀರಿ ಅಂತ ಕೇಳಿದ್ದು. ಸೊಪ್ಪು ತಿಂತೀರಾ ಅಂತ ಕೇಳ್ಲಿಲ್ಲ ಮಗಾ.” ಭಾಷೆಯ ವಿದ್ಯಾರ್ಥಿಯಾಗಿ ನನಗೆ ಇದು ಮುಖ್ಯ ಅನ್ನಿಸಿತು. ‘ಮದ್ದು’ ಅಂದರೆ ಆಸ್ಪತ್ರೆಯದ್ದು, ‘ಸೊಪ್ಪು’ ಅಂದರೆ ಮನೆಯದ್ದು. ಈ ವರ್ಗೀಕರಣ ನಮ್ಮ ಮಾತಿನಲ್ಲಿ ಇದೆ, ದೇಹದಲ್ಲಿ ಇಲ್ಲ.

ಒಂದೇ ಹೆಸರು, ಎರಡು ಗಿಡ

ಇದರ ತಿರುವುಮುರುವು ಇನ್ನೂ ಅಪಾಯ. ‘ಹೊನ್ನೆ’ಯನ್ನೇ ತೆಗೆದುಕೊಳ್ಳಿ. ಮೈಸೂರು, ತಾಳವಾಡಿ ಕಡೆ ಹೊನ್ನೆ ಅಂದರೆ ಕಾಡಿನ ದೊಡ್ಡ ಮರ, ಟೆರೋಕಾರ್ಪಸ್ ಮಾರ್ಸುಪಿಯಂ. ತಮಿಳಿನ ‘ವೇಂಗೈ’, ಮಲಯಾಳದ ‘ವೇಂಙ’, ಆಯುರ್ವೇದದ ‘ವಿಜಯಸಾರ’. ಇದರ ತಿರುಳಿನ ಲೋಟದಲ್ಲಿ ರಾತ್ರಿ ನೀರಿಟ್ಟು ಬೆಳಗ್ಗೆ ಕುಡಿಯುವ ರೂಢಿ ಇದೆ. ಆದರೆ ಕರಾವಳಿಯಲ್ಲಿ ಹೊನ್ನೆ ಅಂದರೆ ಸಮುದ್ರದ ಬದಿ ಬೆಳೆಯುವ ಬೇರೆಯೇ ಮರ, ಕ್ಯಾಲೋಫಿಲಂ ಇನೋಫಿಲಂ, ಮಲಯಾಳದ ‘ಪುನ್ನ’. ಅದರ ಬೀಜದ ಎಣ್ಣೆ ದೀಪಕ್ಕೆ ಆಗುತ್ತಿತ್ತು; ಹೊಟ್ಟೆಗೆ ಆಗುವಂಥದ್ದಲ್ಲ. ‘ಶುಗರಿಗೆ ಹೊನ್ನೆ ಒಳ್ಳೇದು’ ಎಂಬ ಒಂದು ಸಾಲು ಘಟ್ಟದ ಮೇಲಿನಿಂದ ಕೆಳಗೆ ಬಂದರೆ ಮರವೇ ಬದಲಾಗುತ್ತದೆ.

ಅಮೃತಬಳ್ಳಿಯದ್ದೂ ಇಂಥದೇ ಕತೆ. ಮರಾಠಿಯಲ್ಲಿ ‘ಗುಳವೇಲ’, ತೆಲುಗಿನಲ್ಲಿ ‘ತಿಪ್ಪತೀಗ’, ತಮಿಳಿನಲ್ಲಿ ‘ಸೀಂದಿಲ್’, ಮಲಯಾಳದಲ್ಲಿ ‘ಚಿಟ್ಟಮೃತು’. ಇದನ್ನು ಸೇವಿಸಿದ ಆರು ಜನರಲ್ಲಿ ಪಿತ್ತಜನಕಾಂಗಕ್ಕೆ ತೊಂದರೆ ಆದದ್ದನ್ನು 2021ರಲ್ಲಿ ಮುಂಬೈಯ ವೈದ್ಯರು ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಟೈನೋಸ್ಪೋರಾ ಕಾರ್ಡಿಫೋಲಿಯ, ಟೈನೋಸ್ಪೋರಾ ಕ್ರಿಸ್ಪ ಎಂಬ ಎರಡು ಬಳ್ಳಿಗಳನ್ನು ಬೇರೆಬೇರೆಯಾಗಿ ಗುರುತಿಸಬೇಕು ಅಂತ ಹೇಳಿತು. ವೈದ್ಯಕೀಯ ಚರ್ಚೆ ಏನೇ ಇರಲಿ, ‘ಯಾವ ಬಳ್ಳಿ’ ಎಂಬ ಪ್ರಶ್ನೆ ಅಲ್ಲಿಯೂ ಎದ್ದಿತು.

ಗಡಿ ದಾಟಿದರೂ ಕೆಡದ ಹೆಸರುಗಳೂ ಇವೆ. ರಾಯದುರ್ಗ, ಮಡಕಶಿರದ ಒಣನೆಲದಲ್ಲಿ ಹಳದಿ ಹೂ ಬಿಡುವ ತಂಗಡಿ ತೆಲುಗಿನಲ್ಲಿ ‘ತಂಗೇಡು’. ಅದೇ ಗಿಡ ಕನ್ನಡದಲ್ಲಿ ‘ಆವರಿಕೆ’ಯೂ ಹೌದು, ತಮಿಳಿನಲ್ಲಿ ‘ಆವಾರಂ’. ಇಂಥ ಕಡೆ ಒಂದು ಭಾಷೆಯ ಅಜ್ಜಿ ಇನ್ನೊಂದು ಭಾಷೆಯ ಅಜ್ಜಿಗೆ ಹೇಳಿದ್ದು ಗಿಡ ತಪ್ಪದೆ ತಲುಪುತ್ತದೆ.

ಕಹಿಯ ತರ್ಕ, ಅಳತೆಯ ಲೆಕ್ಕ

ಈಗ ಈ ಗಿಡಗಳು ನಿಜವಾಗಿ ಏನು ಮಾಡುತ್ತವೆ ಅಂತ ಸ್ವಲ್ಪ ನೋಡೋಣ. ಕಹಿ ಸಿಹಿಯನ್ನು ಕೊಲ್ಲುತ್ತದೆ ಎಂಬುದು ನಾಲಿಗೆಯ ತರ್ಕ. ಪ್ರಯೋಗದಲ್ಲಿ ಕಾಣುವ ಕಾರಣಗಳು ಬೇರೆ.

ಮೆಂತ್ಯ ಕೆಲಸ ಮಾಡುವುದು ಕಹಿಯಿಂದ ಅಂತ ಭಾವಿಸುತ್ತೇವೆ. ಮುಖ್ಯ ಕಾರಣ ಅದರ ಲೋಳೆ, ಅಂದರೆ ನೀರಿನಲ್ಲಿ ಕರಗುವ ನಾರು. ಅದು ಕರುಳಿನಲ್ಲಿ ಗ್ಲೂಕೋಸ್ ಹೀರುವಿಕೆಯನ್ನು ನಿಧಾನ ಮಾಡುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಸಂಶೋಧಕರು 1990ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಟೈಪ್ 1 ಮಧುಮೇಹಿಗಳಿಗೆ ಕೊಬ್ಬು ತೆಗೆದ ಮೆಂತ್ಯದ ಪುಡಿಯನ್ನು ದಿನಕ್ಕೆ 100 ಗ್ರಾಂ, ಎರಡು ಊಟಕ್ಕೆ ಹಂಚಿ, 10 ದಿನ ಕೊಟ್ಟಿದ್ದರು. ಗ್ಲೂಕೋಸ್ ಇಳಿಯಿತು. ಆದರೆ 100 ಗ್ರಾಂ ಎಲ್ಲಿ, ಒಗ್ಗರಣೆಗೆ ಹಾಕುವ ಚಿಟಿಕೆ ಮೆಂತ್ಯ ಎಲ್ಲಿ!

ಏಕನಾಯಕದ ಬೇರಿನಲ್ಲಿ ಸಲಾಸಿನಾಲ್ ಎಂಬ ವಸ್ತು ಇದೆ. ಪಿಷ್ಟವನ್ನು ಒಡೆದು ಗ್ಲೂಕೋಸ್ ಮಾಡುವ ಕಿಣ್ವವನ್ನು ಅದು ತಡೆಯುತ್ತದೆ. ಡಾಕ್ಟರು ಕೊಡುವ ಅಕಾರ್ಬೋಸ್ ಮಾತ್ರೆಯೂ ಇದೇ ದಾರಿಯದ್ದು. ಬೇರು ಅಗೆದರೆ ಗಿಡವೇ ಹೋಗುತ್ತದೆ ಎಂಬುದನ್ನೂ ಇಲ್ಲಿ ನೆನಪಿಡಬೇಕು.

ಹೊನ್ನೆ, ಅಂದರೆ ಕಾಡಿನ ಹೊನ್ನೆಯ ಬಗ್ಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನ 1998ರಲ್ಲಿ ಬಂತು. ಟೈಪ್ 2 ಮಧುಮೇಹದ 97 ಜನರಲ್ಲಿ 67 ಜನರಿಗೆ 12 ವಾರದೊಳಗೆ ಗ್ಲೂಕೋಸ್ ಹತೋಟಿಗೆ ಬಂತು. ಒಳ್ಳೆಯ ಸುದ್ದಿ. ಆದರೆ ಹೋಲಿಸಿ ನೋಡಲು ಹುಸಿಮದ್ದಿನ ಇನ್ನೊಂದು ಗುಂಪು ಅಲ್ಲಿ ಇರಲಿಲ್ಲ. ಹಾಗಾಗಿ ಅದರಲ್ಲಿ ಹೊನ್ನೆಯ ಪಾಲೆಷ್ಟು, ಊಟದ ಪಥ್ಯದ ಪಾಲೆಷ್ಟು ಅಂತ ಬಿಡಿಸಿ ಹೇಳುವುದು ಕಷ್ಟ.

ಹಾಗಲಕಾಯಿ ಎಲ್ಲರ ಬಾಯಲ್ಲೂ ಇರುವ ಹೆಸರು. 2012ರ ಕಾಕ್ರೇನ್ ವಿಮರ್ಶೆ ನಾಲ್ಕು ಪ್ರಯೋಗಗಳನ್ನು, ಒಟ್ಟು 479 ಜನರನ್ನು ನೋಡಿ, ಟೈಪ್ 2 ಮಧುಮೇಹಕ್ಕೆ ಇದನ್ನು ಶಿಫಾರಸು ಮಾಡುವಷ್ಟು ಆಧಾರ ಸಾಲದು ಅಂದಿತು. ತರಕಾರಿಯಾಗಿ ತಿನ್ನಲು ಅಡ್ಡಿ ಇಲ್ಲ. ಆದರೆ ನಮ್ಮ ಹಾಗಲಕಾಯಿ ಮೆಣಸ್ಕಾಯಿಗೆ ಬೀಳುವ ಬೆಲ್ಲದ ಉಂಡೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಕೊನೆಯದು ‘ಇನ್ಸುಲಿನ್ ಗಿಡ’. ಇದು ದಕ್ಷಿಣ ಅಮೆರಿಕದ ಮೂಲದ್ದು, ಈಚಿನ ದಶಕಗಳಲ್ಲಿ ನಮ್ಮ ಅಂಗಳಗಳಿಗೆ ಬಂದದ್ದು. ಇದಕ್ಕೆ ಆಕಾರದ ಹೆಸರೂ ಇಲ್ಲ, ನಾಲಿಗೆಯ ಹೆಸರೂ ಇಲ್ಲ. ಬರುವಾಗಲೇ ಚಿಕಿತ್ಸೆಯ ಹೆಸರು ಹೊತ್ತು ಬಂತು. ಮಂಗಳೂರಿನ ಸಂಶೋಧಕರು 2010ರಲ್ಲಿ ಇಲಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ ಇದರ ಎಲೆಯಿಂದ ಗ್ಲೂಕೋಸ್ ಇಳಿದದ್ದು ಕಂಡಿತು. ಆದರೆ ಆ ಎಲೆಯನ್ನು ಇನ್ಸುಲಿನ್ ಇಂಜೆಕ್ಷನಿನ ಬದಲಿಗೆ ತಿನ್ನುವಂತಿಲ್ಲ. ಟೈಪ್ 1 ಇರುವ ಮಗುವಿನ ತಾಯಿ ಈ ಹೆಸರನ್ನು ನಂಬಿ ಇಂಜೆಕ್ಷನ್ ನಿಲ್ಲಿಸಿದರೆ ಏನಾಗುತ್ತದೆ ಅಂತ ಯೋಚಿಸಿ. 1922ರಲ್ಲಿ ಟೊರಾಂಟೊದಲ್ಲಿ ಮೊದಲ ಬಾರಿ ರೋಗಿಗೆ ಇನ್ಸುಲಿನ್ ಕೊಡುವ ಮೊದಲು ಅಂಥ ಮಕ್ಕಳು ಹೆಚ್ಚು ಕಾಲ ಬದುಕುತ್ತಿರಲಿಲ್ಲ.

ಗಿಡಕ್ಕೂ ಮಾತ್ರೆಗೂ ಜಗಳ ಇಲ್ಲ

ಇದನ್ನು ನಾಟಿಮದ್ದು ವರ್ಸಸ್ ಇಂಗ್ಲಿಷ್ ಮದ್ದು ಅಂತ ಓದಬೇಡಿ. ಇವತ್ತು ಅತಿ ಹೆಚ್ಚು ಬಳಕೆಯಲ್ಲಿರುವ ಮೆಟ್‌ಫಾರ್ಮಿನ್ ಮಾತ್ರೆಯ ಕುಲಮೂಲವೂ ಒಂದು ಗಿಡವೇ. ಯುರೋಪಿನ ಗಲೀಗಾ ಅಫಿಸಿನಾಲಿಸ್ ಎಂಬ ಗಿಡದಲ್ಲಿದ್ದ ಗ್ಯಾಲಿಜಿನ್ ಸಕ್ಕರೆ ಇಳಿಸುತ್ತಿತ್ತು, ಆದರೆ ವಿಷವಾಗಿತ್ತು. ಅದರ ಬಂಧುವಾದ ಮೆಟ್‌ಫಾರ್ಮಿನ್ ಅನ್ನು 1922ರಲ್ಲಿ ತಯಾರಿಸಿದರು; ಫ್ರಾನ್ಸಿನ ವೈದ್ಯ ಜೀನ್ ಸ್ಟರ್ನ್ ಮನುಷ್ಯರ ಮೇಲಿನ ಫಲಿತಾಂಶ ಪ್ರಕಟಿಸಿದ್ದು 1957ರಲ್ಲಿ. ಗಿಡದ ಗುಣ ಮಾತ್ರೆಯಾಗಲು ಯಾವ ಗಿಡ, ಯಾವ ಭಾಗ, ಎಷ್ಟು, ಯಾರಿಗೆ ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ಬೇಕಾಯಿತು. ಮೊದಲ ಪ್ರಶ್ನೆ ಹೆಸರಿನದು. ಅಲ್ಲಿ ಕನ್ನಡ ವಿಭಾಗಕ್ಕೆ ಕೆಲಸ ಇದೆ.

ಇದಕ್ಕೆ ಹಳೆಯ ಮಾದರಿ ನಮ್ಮ ಪಕ್ಕದಲ್ಲೇ ಇದೆ. ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡ್ ಮಾಡಿಸಿದ ‘ಹೋರ್ಟಸ್ ಮಲಬಾರಿಕಸ್’ 1678ರಿಂದ 1693ರವರೆಗೆ 12 ಸಂಪುಟಗಳಲ್ಲಿ ಬಂತು. ಇಟ್ಟಿ ಅಚ್ಯುತನ್ ಎಂಬ ಮಲಯಾಳಿ ವೈದ್ಯ, ರಂಗ ಭಟ್, ವಿನಾಯಕ ಪಂಡಿತ, ಅಪ್ಪು ಭಟ್ ಎಂಬ ಕೊಂಕಣಿ ವೈದ್ಯರು ಅದಕ್ಕೆ ನೆರವಾದರು. ಗಿಡದ ಚಿತ್ರದ ಮೇಲೆ ಹೆಸರನ್ನು ಬೇರೆ ಬೇರೆ ಲಿಪಿಗಳಲ್ಲಿ ಬರೆದರು. ಬಹುಭಾಷೆಯ ನಾಡಿನಲ್ಲಿ ಒಂದು ಗಿಡಕ್ಕೆ ಒಂದು ಹೆಸರು ಸಾಲದು ಅಂತ ಅವರಿಗೆ ಗೊತ್ತಿತ್ತು.

ನಾವೂ ಅಂಥದೊಂದು ಪಟ್ಟಿ ಮಾಡಬಹುದು. ಊರಿನ ಕನ್ನಡದ ಹೆಸರು, ಪಕ್ಕದ ಭಾಷೆಯ ಹೆಸರು ಕನ್ನಡ ಲಿಪಿಯಲ್ಲಿ, ಅದೇ ಹೆಸರಿನ ಬೇರೆ ಗಿಡ ಇದ್ದರೆ ಅದು, ಸಸ್ಯಶಾಸ್ತ್ರೀಯ ಹೆಸರು, ಬಳಸುವ ಭಾಗ. ಗಿಡ ಗುರುತಿಸುವ ಕೆಲಸ ಸಸ್ಯಶಾಸ್ತ್ರ ವಿಭಾಗದವರಿಂದ ಆಗಲಿ. ಮೇಲ್ಗಡೆ ದಪ್ಪ ಅಕ್ಷರದಲ್ಲಿ ಮೂರು ಸಾಲು ಇರಲಿ: ಡಾಕ್ಟರಿಗೆ ಸೊಪ್ಪಿನ ಹೆಸರನ್ನೂ ಹೇಳಿ. ಮಾತ್ರೆ, ಇನ್ಸುಲಿನ್ ನೀವೇ ನಿಲ್ಲಿಸಬೇಡಿ. ಬೆವರು, ನಡುಕ, ತಲೆಸುತ್ತು ಬಂದು ಸಕ್ಕರೆ 70ಕ್ಕಿಂತ ಕೆಳಗಿದ್ದರೆ ಕೂಡಲೇ ಸಿಹಿ ತಗೊಳ್ಳಿ. ಮಧುನಾಶಿನಿ ಅಗಿದು ನಾಲಿಗೆಗೆ ಸಿಹಿ ಗೊತ್ತಾಗದಿದ್ದರೂ ತಗೊಳ್ಳಿ.

*(ಚರ್ಚೆಯಿಂದ)*

ಪ್ರಶ್ನೆ: ಹಾಗಾದರೆ ಮನೆಮದ್ದು ಬಿಡಬೇಕು ಅಂತಲೇ ನಿಮ್ಮ ತೀರ್ಮಾನ?

ಉತ್ತರ: ಇಲ್ಲ ಸರ್. ಬಚ್ಚಿಡುವುದನ್ನು ಬಿಡಬೇಕು ಅಂತ. ಮೆಂತ್ಯ, ಹಾಗಲ ನಮ್ಮ ಊಟದಲ್ಲಿ ಮೊದಲಿಂದಲೂ ಇವೆ, ಇರಲಿ. ಚೂರ್ಣ, ಗುಳಿಗೆ, ಕಷಾಯ ಅಂತ ದಿನವೂ ತಗೊಳ್ಳುವಾಗ ಅದು ‘ಸೊಪ್ಪು’ ಅಲ್ಲ, ‘ಮದ್ದು’. ಮದ್ದು ಅಂದ ಮೇಲೆ ಚೀಟಿಯಲ್ಲಿ ಅದರ ಹೆಸರು ಇರಬೇಕು. ಆ ಹೆಸರನ್ನು ನಮ್ಮ ಹಿರಿಯರು ಯಾವ ಭಾಷೆಯಲ್ಲಿ ಹೇಳಿದರೂ ಡಾಕ್ಟರಿಗೆ ಗಿಡ ಗೊತ್ತಾಗುವ ಹಾಗೆ ಮಾಡುವುದು ನಮ್ಮ ಕೆಲಸ. ಮುಂದಿನ ಸಭೆಗೆ ಎಲ್ಲರೂ ನಿಮ್ಮ ನಿಮ್ಮ ಊರಿನಿಂದ ಐದೈದು ಹೆಸರು, ಎಲೆಯ ಫೋಟೊ ಸಮೇತ ತನ್ನಿ ಅಂತ ವಿನಂತಿ. ನಾನು ಕಾಸರಗೋಡಿನದ್ದು ತರುತ್ತೇನೆ.